ಡನ್‌ಬ್ರೂಕ್ ಹಡಗಿನ ಮದುಮಗ

ನನ್ನ ತಮ್ಮ ಚಂದು ಹಡಗಿನ ಜೊತೆ ಕಾಣೆಯಾಗಿ ಹದಿನೈದು ವರ್ಷವಾದ ಮೇಲೆ ಅಮ್ಮ ಅವನಿಗೆ ಹೆಣ್ಣು ಹುಡುಕಲು ಶುರು ಮಾಡಿದಳು.

ಓದಿ ನಗುವವರು ನಗಲಿ. ನಮ್ಮ ಮಲ್ಪೆ, ಉದ್ಯಾವರದ ಕಡೆ ಮದುವೆಯಾಗದೆ ಸತ್ತವರಿಗೂ ಮದುವೆ ಮಾಡುತ್ತಾರೆ. ಸತ್ತ ಹುಡುಗನಿಗೆ ಸತ್ತ ಹುಡುಗಿ. ಸತ್ತವರ ಜೀವವನ್ನು ಕುಲೆ ಎನ್ನುತ್ತೇವೆ, ಇದಕ್ಕೆ ಕುಲೆ ಮದುವೆ ಎಂದು ಹೆಸರು. ಬದುಕಿರುವವರು ಮದುವೆ ಇಟ್ಟುಕೊಳ್ಳದ ಆಟಿ ತಿಂಗಳಲ್ಲಿ ಅದನ್ನು ಮಾಡುವುದು. ಮಾಡದೆ ಬಿಟ್ಟರೆ ಆ ಜೀವ ಮನೆಯ ಸುತ್ತಲೇ ಅಲೆಯುತ್ತದೆ, ಮನೆಯ ಉಳಿದ ಮಕ್ಕಳ ಮದುವೆಗೆ ಅಡ್ಡ ನಿಲ್ಲುತ್ತದೆ ಎಂದು ನಂಬಿಕೆ. ನನ್ನ ತಂಗಿ ರತ್ನಾವತಿಗೆ ಬಂದ ಸಂಬಂಧಗಳೆಲ್ಲ ಒಂದಲ್ಲ ಒಂದು ನೆಪದಲ್ಲಿ ತಪ್ಪಿಹೋಗಿದ್ದವು. ಅಮ್ಮ ಊರಿಗೆ ಹೋಗಿ ಜೋಯಿಸರನ್ನು ಕೇಳಿ ಬಂದಳು. ರೈಲಿನಿಂದ ಇಳಿದವಳು ಟ್ರಂಕನ್ನು ನನ್ನ ಕೈಗೆ ಕೊಡುವ ಮೊದಲೇ ಹೇಳಿದಳು.

"ಚಂದುವಿನ ಮದುವೆ ಆಗಬೇಕಂತೆ."

"ಹೆಣ ಸಿಗದವನಿಗೆ ಮದುವೆಯಾ?" ಎಂದೆ.

"ನೀನು ಬಾಯಿ ಮುಚ್ಚಿ ಗಾಡಿ ಕರಿ."

ಇದು ೧೯೫೭ನೇ ಇಸವಿಯ ಮಾತು. ನಾವು ಆಗ ಮದ್ರಾಸಿನ ರಾಯಪುರಂನಲ್ಲಿದ್ದೆವು. ನನ್ನ ತಂದೆ ಬಂದರಿನ ದೋಣಿಗಳಲ್ಲಿ ಕೆಲಸಕ್ಕೆಂದು ಬಂದು ಅಲ್ಲೇ ತೀರಿಕೊಂಡವರು. ಅವರ ಹಿಂದೆಯೇ ಬಂದ ನಮ್ಮ ಮೊಗವೀರರ ನಾಲ್ಕು ಮನೆಗಳು ಒಂದೇ ಓಣಿಯಲ್ಲಿದ್ದವು. ಒಳಗೆ ತುಳು, ಹೊರಗೆ ತಮಿಳು. ಮಾತುಗಳನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಹೊರಗಿನಿಂದ ಬರುವ ಹಡಗುಗಳಿಗೆ ಬಂದರಿನ ದಾರಿ ತೋರಿಸುವ ಪೈಲಟ್ ಸಾಹೇಬರನ್ನು ತಲುಪಿಸುವ ದೋಣಿಯಲ್ಲಿ ನನ್ನ ಕೆಲಸ. ಹೀಗಾಗಿ ಡನ್‌ಬ್ರೂಕ್ ಹಡಗನ್ನು ನಾನು ಚೆನ್ನಾಗಿ ಬಲ್ಲೆ.

ಅದೇನೂ ಚೆಂದದ ಹಡಗಲ್ಲ. ಮೊದಲನೇ ಯುದ್ಧಕ್ಕೂ ಮೊದಲು ಸ್ಕಾಟ್‌ಲೆಂಡಿನಲ್ಲಿ ಕಟ್ಟಿದ್ದು. ಉದ್ದನೆಯ ಒಂದೇ ಹೊಗೆಕೊಳವೆ, ಬದಿಗಳಲ್ಲಿ ತುಕ್ಕು. ಕಲ್ಕತ್ತದಿಂದ ಕಲ್ಲಿದ್ದಲು ತರುತ್ತಿತ್ತು, ಹೋಗುವಾಗ ಶೇಂಗಾ, ಹೊಗೆಸೊಪ್ಪು, ತೊಗಲು. ತೊಗಲು ತುಂಬಿದ ದಿನ ಬಂದರಿನ ಗೋಡೆಯ ತನಕ ನಾತ ಹೊಡೆಯುತ್ತಿತ್ತು. ಓಟ ಎಷ್ಟು ನಿಧಾನವೆಂದರೆ, ಬೇರೆ ಹಡಗಿನವರು ಅದನ್ನು ದಾಟುವಾಗ ಹಗ್ಗ ಎಸೆಯಬೇಕಾ ಎಂದು ಕೂಗಿ ತಮಾಷೆ ಮಾಡುತ್ತಿದ್ದರು. ಎರಡನೇ ಯುದ್ಧ ಬಂದಾಗ ಸರಕಾರ ಅದಕ್ಕೆ ಬೂದಿ ಬಣ್ಣ ಬಳಿಯಿತು. ಹಿಂಬದಿಗೆ ಒಂದು ಫಿರಂಗಿ ಕೂರಿಸಿತು. ಆ ಫಿರಂಗಿಯ ಮೇಲೆ ಹಡಗಿನ ಅಡುಗೆಯವನು ಬಟ್ಟೆ ಒಣಗಿಸುವುದನ್ನು ನಾನೇ ನೋಡಿದ್ದೇನೆ.

ಚಂದು ಆ ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು. ಮನೆಗೆ ಬಂದಾಗ ಎಷ್ಟು ಸೀಗೆಪುಡಿ ತಿಕ್ಕಿದರೂ ಅವನ ಕಣ್ಣಿನ ಅಂಚಿನ ಕಪ್ಪು ಹೋಗುತ್ತಿರಲಿಲ್ಲ. ಕಾಡಿಗೆ ಹಚ್ಚಿದ ಮದುಮಗನಂತೆ ಕಾಣುತ್ತಿದ್ದ. ಓಣಿಯ ಹೆಂಗಸರು ಅದನ್ನೇ ಹೇಳಿ ಅವನನ್ನು ಕಾಡಿಸುತ್ತಿದ್ದರು. ಅವನು ಮದುಮಗನಾಗಲು ಬಯಸಿದ್ದೂ ನಿಜ. ಅದೇ ಓಣಿಯ ಕೊನೆಯ ಮನೆಯಲ್ಲಿ ಸೋದರಮಾವನ ಜೊತೆ ಇದ್ದ ಸರಸಳನ್ನು ಮದುವೆಯಾಗುತ್ತೇನೆ ಎಂದು ಅಮ್ಮನ ಎದುರೇ ಹೇಳಿದ.

ಅಮ್ಮ ಒಪ್ಪಲಿಲ್ಲ. ಸರಸಳ ಬರಿಯೂ ನಮ್ಮ ಬರಿಯೂ ಒಂದೇ. ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲ. ಒಂದೇ ಬರಿಯವರು ಎಷ್ಟೇ ದೂರದವರಾದರೂ ಅಣ್ಣ ತಂಗಿ. ಆ ಲೆಕ್ಕದಲ್ಲಿ ನನ್ನ ಅಮ್ಮ ಜಲಜಾಕ್ಷಿ ಸರಸಳಿಗೆ ದೊಡ್ಡಮ್ಮ.

"ಅವಳು ನಿನಗೆ ತಂಗಿ ಆಗಬೇಕು ಕತ್ತೆ," ಎಂದಳು ಅಮ್ಮ.

"ಅವಳ ಊರು ಯಾವುದು ಅಂತ ನಿಂಗೆ ಸರಿ ಗೊತ್ತುಂಟಾ? ಎಲ್ಲಿಯ ತಂಗಿ?"

"ನಾನು ಸಾಯುವ ತನಕ ಅವಳು ನನ್ನ ಸೊಸೆಯಾಗಿ ಈ ಹೊಸಿಲು ದಾಟುವುದಿಲ್ಲ."

ತಂಗಿ ಎಂದಳು ಅಮ್ಮ, ಹೆಂಡತಿ ಎಂದ ಅವನು. ಹಡಗು ಮುಳುಗಿತು, ಆ ಜಗಳ ಮುಳುಗಲಿಲ್ಲ.

೧೯೪೨ರ ಬೇಸಿಗೆಯಲ್ಲಿ ಜಪಾನಿನವರು ಬರುತ್ತಾರೆ ಎಂದು ಮದ್ರಾಸಿಗೆ ಮದ್ರಾಸೇ ಗಂಟು ಕಟ್ಟಿತು. ಅಮ್ಮನನ್ನೂ ನನ್ನ ಹೆಂಡತಿಯನ್ನೂ ಚಿಕ್ಕವಳಾದ ರತ್ನಾವತಿಯನ್ನೂ ನಾನು ಊರಿಗೆ ಕಳಿಸಿದೆ. ಬಂದರಿನಲ್ಲಿ ಹಡಗು ನಿಲ್ಲಿಸುವುದೇ ಅಪಾಯ, ಹೊರಡಿ ಎಂದರು. ಡನ್‌ಬ್ರೂಕ್ ಅರ್ಧ ಸರಕು ಹೇರಿಕೊಂಡು ಕಲ್ಕತ್ತದ ಕಡೆ ಹೊರಟಿತು. ಪೈಲಟನ್ನು ಅದರಿಂದ ಇಳಿಸಿಕೊಂಡು ಬಂದ ದೋಣಿ ನನ್ನದೇ. ಚಂದು ಕಾಣಲಿಲ್ಲ. ಬೆಂಕಿಯ ಕೆಲಸದವರು ಹಡಗು ಹೊರಡುವಾಗ ಮೇಲೆ ಬರುವುದಿಲ್ಲ. ಹೊಗೆಕೊಳವೆಯಿಂದ ದಪ್ಪ ಕಪ್ಪು ಹೊಗೆ ಎದ್ದಿತು. ಈಗಷ್ಟೇ ಹೊಸ ಕಲ್ಲಿದ್ದಲು ಹಾಕಿದ್ದಾನೆ ಎಂದುಕೊಂಡೆ. ಅಷ್ಟೇ. ಅದು ಕಲ್ಕತ್ತ ತಲುಪಲಿಲ್ಲ. ಹಡಗು ಕಾಣೆಯಾಗಿದೆ ಎಂದು ಕಂಪನಿಯವರು ಹೇಳಿದರು. ಆ ವಾರ ಬಂಗಾಳ ಕೊಲ್ಲಿಯಲ್ಲಿ ಎಷ್ಟೋ ಹಡಗುಗಳು ಹೋದವು. ಹಳೆಯದೊಂದು ಕಲ್ಲಿದ್ದಲು ಹಡಗನ್ನು ಕೇಳುವವರು ಯಾರು?

ಕುಲೆ ಮದುವೆಗೆ ಹೆಣ್ಣು ಸಿಕ್ಕಿತು. ಪಕ್ಕದ ಓಣಿಯ ಮೋನಪ್ಪನ ಮಗಳು ಸೀತು ಸಿಡುಬಿನಲ್ಲಿ ಸತ್ತಾಗ ಇನ್ನೂ ಮಾತು ಕಲಿಯುತ್ತಿದ್ದ ಮಗು. ಬದುಕಿದ್ದರೆ ಈಗ ಮದುವೆಯ ವಯಸ್ಸು. ಬರಿ ಬೇರೆ, ಮನೆತನ ಒಳ್ಳೆಯದು. ಮೋನಪ್ಪನ ಹೆಂಡತಿ ಜಾನಕಮ್ಮ ನಿಜವಾದ ಹೆಣ್ಣು ಕೊಡುವವಳ ಹಾಗೆಯೇ ನಮ್ಮ ಮನೆಗೆ ಬಂದು, ಹುಡುಗ ಕುಡಿಯುತ್ತಿದ್ದನೋ ಎಂದು ನನ್ನನ್ನು ವಿಚಾರಿಸಿದಳು.

"ಕುಡಿದದ್ದೆಲ್ಲ ಉಪ್ಪುನೀರು," ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಅಮ್ಮ ನನ್ನನ್ನು ಸುಡುವ ಹಾಗೆ ನೋಡಿದಳು.

ಒಂದು ತೊಡಕಿತ್ತು. ಕುಲೆ ಮದುವೆಯಲ್ಲಿ ಕರಿಮಣಿ ಕಟ್ಟಲು ಮದುಮಗನಿಗೆ ಕೈಯಿಲ್ಲ. ನಮ್ಮ ಮನೆತನದಲ್ಲಿ ಅವನ ಪರವಾಗಿ ಅವನ ತಂಗಿ ಕಟ್ಟಬೇಕು. ಯಾರ ಮದುವೆಯ ಅಡ್ಡಿ ತೆಗೆಯಲು ಇದನ್ನು ಮಾಡುತ್ತೇವೋ ಅವಳು ಕಟ್ಟುವಂತಿಲ್ಲ, ಆದ್ದರಿಂದ ರತ್ನಾವತಿ ಆಗುವುದಿಲ್ಲ. ನಮ್ಮ ಬರಿಯ ಬೇರೆ ಹೆಣ್ಣುಮಗಳು ಬೇಕು. ಇಡೀ ಮದ್ರಾಸಿನಲ್ಲಿ ಅಂಥವಳು ಒಬ್ಬಳೇ.

"ಸರಸಳನ್ನು ಕರ್ಕೊಂಡು ಬಾ," ಎಂದಳು ಅಮ್ಮ.

"ಅವಳನ್ನಾ? ನಿನಗೆ ಬೇರೆ ಯಾರೂ ಸಿಗಲಿಲ್ವಾ?"

"ತಂಗಿ ಕಟ್ಟಬೇಕು. ಅವಳು ತಂಗಿ. ಮತ್ತೆಂತ?"

ಅಮ್ಮನ ದನಿಯಲ್ಲಿ ಇದ್ದದ್ದು ಹಟ ಎಂದು ಆಗ ನಾನು ತಿಳಿದೆ.

ಸರಸಳ ಮಾವ ಊರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಅವಳು ಹೋಗಲಿಲ್ಲ. ಬಂದ ಗಂಡುಗಳನ್ನೆಲ್ಲ ಬೇಡವೆಂದಳು. ಅಡ್ಯಾರಿನ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆಗಿದ್ದಳು. ನಾನು ಬಸ್ಸಿಳಿದು ಹೋದಾಗ ಮರದ ಕೆಳಗೆ ಕೂತು ಒಂದು ಮಗುವಿನ ಬೂಟಿನ ದಾರ ಕಟ್ಟುತ್ತಿದ್ದಳು.

"ಎಂತ ಮಧ್ವಣ್ಣ, ಇಷ್ಟು ದೂರ? ಬಂದರಿನಲ್ಲಿ ನೀರು ಬತ್ತಿತಾ?"

"ಚಂದುವಿಗೆ ಮದುವೆ ಮಾಡ್ತಾ ಇದ್ದೇವೆ," ಎಂದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

ಅವಳ ಕೈ ದಾರದ ಮೇಲೆ ನಿಂತಿತು. ಮಗು ತಮಿಳಿನಲ್ಲಿ ಬೇಗ ಕಟ್ಟು ಎಂದು ಕಾಲು ಬಡಿಯಿತು. ಕಟ್ಟಿ ಮುಗಿಸಿ, ಮಗುವನ್ನು ಕಳಿಸಿ, ಆಮೇಲೆ ಕೇಳಿದಳು.

"ಹುಡುಗಿ ಯಾರು?"

"ಮೋನಪ್ಪನ ಸೀತು. ಕರಿಮಣಿ ಕಟ್ಟಲಿಕ್ಕೆ ತಂಗಿ ಬೇಕು. ರತ್ನ ಕಟ್ಟುವ ಹಾಗಿಲ್ಲ. ನೀನು ಬರಬೇಕಂತೆ."

"ದೊಡ್ಡಮ್ಮನೇ ಹೇಳಿದ್ರಾ, ನಾನೇ ಕಟ್ಟಬೇಕು ಅಂತ?"

"ಹೌದು."

"ಅಂದ್ರೆ ಅವರು ಸತ್ತದ್ದು ಖಾತ್ರಿ ಅಂತ ದೊಡ್ಡಮ್ಮನಿಗೆ ಯಾರು ಹೇಳಿದ್ದು?"

ಬಿಸಿಲು, ಬಸ್ಸಿನ ನೂಕಾಟ, ಅದರ ಮೇಲೆ ಈ ಪ್ರಶ್ನೆ. ನನ್ನ ತಲೆ ಕೆಟ್ಟಿತು.

"ಇಷ್ಟು ವರ್ಷ ಆದ ಮೇಲೆ ಇನ್ನೆಂತ ಖಾತ್ರಿ ಬೇಕು ನಿಂಗೆ? ಸಮುದ್ರದಿಂದ ಹಡಗು ಎತ್ತಿ ತಂದು ತೋರಿಸಬೇಕಾ? ಬರುವುದಾದರೆ ಬಾ, ಇಲ್ಲದಿದ್ದರೆ ಇಲ್ಲ ಅನ್ನು. ನನಗೆ ಮೂರು ಗಂಟೆಗೆ ದೋಣಿ ಉಂಟು."

ಅವಳು ಬರುತ್ತೇನೆ ಎಂದಳು. ಅವಳು ಚಂದುವನ್ನು 'ಅವರು' ಎಂದು ಕರೆದದ್ದನ್ನು ನಾನು ಗಮನಿಸಲೇ ಇಲ್ಲ. ತಂಗಿ ಆಗಬೇಕಾದವಳು ಅಣ್ಣನನ್ನು ಹಾಗೆ ಕರೆಯುವುದಿಲ್ಲ.

ಮದುವೆಯ ದಿನ ನಮ್ಮ ನಡುಮನೆಯಲ್ಲಿ ಎರಡು ಮಣೆ ಹಾಕಿದೆವು. ಒಂದರ ಮೇಲೆ ಪಂಚೆ, ಅಂಗಿ, ಶಾಲು. ಇನ್ನೊಂದರ ಮೇಲೆ ಸೀರೆ, ಕುಪ್ಪಸ, ಬಳೆ, ಮಲ್ಲಿಗೆ. ಸೀರೆಯ ಮೇಲೆ ತೆಂಗಿನಕಾಯಿ. ಅಂಗಿಯನ್ನು ಅಮ್ಮ ಹಳೆಯ ಅಳತೆಯಲ್ಲೇ ಹೊಲಿಸಿದ್ದಳು. ಕುಪ್ಪಸ ಯಾವ ಅಳತೆಗೆ ಹೊಲಿಸಬೇಕೆಂದು ತಿಳಿಯದೆ ಜಾನಕಮ್ಮ ನೆರೆಮನೆಯ ಹುಡುಗಿಯ ಅಳತೆ ಕೊಟ್ಟಿದ್ದಳಂತೆ. ಅದನ್ನು ಮಣೆಯ ಮೇಲಿಟ್ಟು, ಮಡಿಕೆ ಬಿಡಿಸಿ, ಮತ್ತೆ ಮಡಿಸಿ, ಮತ್ತೆ ಬಿಡಿಸಿದಳು. ಇಷ್ಟು ದೊಡ್ಡವಳಾಗುತ್ತಿದ್ದಳಾ ಎಂದು ಯಾರನ್ನೋ ಕೇಳುವವಳ ಹಾಗೆ ಅದನ್ನೇ ನೋಡುತ್ತಿದ್ದಳು.

ಧಾರೆಯ ನೀರು ಎರೆದಾಯಿತು. ಅಮ್ಮ ಕರಿಮಣಿ ಸರವನ್ನು ತಟ್ಟೆಯಲ್ಲಿಟ್ಟು ಸರಸಳ ಮುಂದೆ ಹಿಡಿದಳು. ಸೀರೆಯ ಮೇಲೆ ನಿಲ್ಲಿಸಿದ್ದ ತೆಂಗಿನಕಾಯಿಗೆ ಅದನ್ನು ಕಟ್ಟಬೇಕು.

ಸರಸ ಕೈ ಚಾಚಲಿಲ್ಲ.

"ಕಟ್ಟು," ಎಂದಳು ಅಮ್ಮ.

"ನನ್ನ ಕೈಯಿಂದ ಆಗುವುದಿಲ್ಲ ದೊಡ್ಡಮ್ಮ."

ನಾನು ಎದ್ದು ನಿಂತೆ. "ಆಗುವುದಿಲ್ಲ ಅಂದ್ರೆ ಆವತ್ತೇ ಹೇಳಬೇಕಿತ್ತು. ಮೋನಪ್ಪಣ್ಣನ ಮನೆಯವರನ್ನು ಕೂರಿಸಿ ನಾಟಕವಾ?"

ಅವಳು ನನ್ನ ಕಡೆ ನೋಡಲೂ ಇಲ್ಲ. ರವಕೆಯ ಒಳಗಿನಿಂದ ಒಂದು ಸರ ಹೊರಗೆ ತೆಗೆದಳು. ಸಣ್ಣ ಕರಿಮಣಿಯದು, ನಡುವೆ ಅಕ್ಕಿಕಾಳಿನಷ್ಟು ಚಿನ್ನ. ದಾರ ಎಷ್ಟೋ ಸಲ ಬದಲಾಗಿರಬೇಕು, ಮಣಿಗಳು ಮಾತ್ರ ಸವೆದು ಹೊಳಪು ಹೋಗಿದ್ದವು.

"ತಿರುವೊಟ್ಟಿಯೂರು ದೇವಸ್ಥಾನದಲ್ಲಿ ಅವರು ಕಟ್ಟಿದ್ದು. ನೀವೆಲ್ಲ ಊರಿಗೆ ಹೋದ ವಾರ. ಮದುವೆಯಾದವರಿಗೆ ನಾನೇ ಕೂತು ಇನ್ನೊಂದು ಹೆಣ್ಣು ಕಟ್ಟಲಾ?"

ನಾನು ಅಮ್ಮನ ಮುಖ ನೋಡಿದೆ. ನನ್ನ ಮುಖದಲ್ಲಿದ್ದ ಆಶ್ಚರ್ಯ ಅವಳ ಮುಖದಲ್ಲಿರಲಿಲ್ಲ.

"ಅದು ಮದುವೆ ಅಲ್ಲ," ಎಂದಳು ಅಮ್ಮ. "ಒಂದೇ ಬರಿ. ಅಣ್ಣನ ಕೈಯಿಂದ ತಂಗಿ ಕಟ್ಟಿಸಿಕೊಂಡದ್ದು ಮದುವೆ ಆಗುವುದಿಲ್ಲ. ಆ ಪಾಪಕ್ಕೇ ಅವನು ದಾರಿ ಸಿಗದೆ ಅಲೀತಿದ್ದಾನೆ. ನೀನೇ ಕಟ್ಟಿ ಬಿಡಿಸಬೇಕು ಅವನನ್ನು. ಅದಕ್ಕೇ ನಿನ್ನನ್ನು ಕರೆಸಿದ್ದು."

"ನಿಮಗೆ ಗೊತ್ತಿತ್ತಾ?"

ಅಮ್ಮ ತಟ್ಟೆಯ ಸರವನ್ನು ಬೆರಳಿನಿಂದ ನೇರ ಮಾಡಿದಳು.

"ಯಾರು ಹೇಳಿದ್ದು? ನಾನು ಯಾರಿಗೂ ಹೇಳಲಿಲ್ಲ. ಅವರು ಯಾರಿಗೆ ಹೇಳಿದ್ದು?"

"ಐತ ಹೇಳಿದ," ಎಂದಳು ಅಮ್ಮ, ತಟ್ಟೆಯನ್ನು ಕೆಳಗಿಡುತ್ತ. "ಆ ಹಡಗಿನಲ್ಲಿದ್ದ ನಮ್ಮ ಊರ ಕಡೆಯವನು. ಯುದ್ಧ ಮುಗಿದ ಮೇಲೆ ಬಂದಿದ್ದ. ಚಂದು ಹೋದದ್ದೂ ಹೇಳಿದ, ಇದನ್ನೂ ಹೇಳಿದ."

ಯುದ್ಧ ಮುಗಿದ ಮೇಲೆ. ಹನ್ನೊಂದು ವರ್ಷದಿಂದ ಅಮ್ಮನಿಗೆ ತನ್ನ ಮಗ ಸತ್ತದ್ದು ಗೊತ್ತಿತ್ತು, ಅವನಿಗೆ ಹೆಂಡತಿ ಇದ್ದದ್ದೂ ಗೊತ್ತಿತ್ತು. ನನಗೆ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಸೊಸೆ ಎಂದು ಒಪ್ಪಿದ ಹಾಗಾಗುತ್ತಿತ್ತು. ನಮ್ಮಲ್ಲಿ ಗಂಡ ಸತ್ತವಳು ಇನ್ನೊಂದು ಮದುವೆಯಾಗಬಹುದು, ಯಾರೂ ಕೆಟ್ಟದಾಗಿ ನೋಡುವುದಿಲ್ಲ. ಅಂದೇ ಹೇಳಿದ್ದರೆ ಸರಸ ಅತ್ತು, ಮೈಲಿಗೆ ಕಳೆದು, ಇನ್ನೊಂದು ಮನೆ ಮಾಡಿ, ತನ್ನದೇ ಮಗುವಿನ ಬೂಟು ಕಟ್ಟುತ್ತಿದ್ದಳು. ಗಂಡ ಬದುಕಿದ್ದಾನೆಂದು ಕಾದಳು. ನಾವು ಅವಳಿಗೆ ಗಂಡು ಹಿಡಿಸುವುದಿಲ್ಲ ಎಂದು ಅವಳ ಬೆನ್ನ ಹಿಂದೆ ನಗುತ್ತಿದ್ದೆವು.

ಮೊದಲು ಎದ್ದವಳು ಜಾನಕಮ್ಮ. ಮಣೆಯ ಮೇಲಿನ ಸೀರೆ, ಕುಪ್ಪಸ, ಬಳೆಗಳನ್ನು ಮಡಿಲಿಗೆ ತುಂಬಿಕೊಂಡಳು. ಮಲ್ಲಿಗೆಯನ್ನೂ ಬಿಡಲಿಲ್ಲ.

"ನಮ್ಮ ಸೀತು ಎರಡನೇ ಹೆಂಡತಿಯಾಗಿ ಹೋಗುವುದು ಬೇಡ," ಎಂದಳು. "ನಾವು ಅಷ್ಟು ಗತಿಗೆಟ್ಟವರಲ್ಲ." ಸತ್ತ ಮಗುವಿನ ಮಾನಕ್ಕಾಗಿ ಅವಳು ತಲೆಯೆತ್ತಿ ನಡೆದು ಹೋದಳು. ಮೋನಪ್ಪ ಚಪ್ಪಲಿ ಹುಡುಕಿಕೊಂಡು ಹಿಂದೆಯೇ ಹೋದ.

ನಾನು ಅಮ್ಮನನ್ನು ಬಾಯಿಗೆ ಬಂದ ಹಾಗೆ ಬೈದೆ. ಏನು ಬೈದೆನೆಂದು ಇಲ್ಲಿ ಬರೆಯುವುದಿಲ್ಲ. ರತ್ನಾವತಿ ಅಳುತ್ತ ನನ್ನ ತೋಳು ಹಿಡಿದೆಳೆದಳು. ಸರಸ ಮಾತ್ರ ಸರವನ್ನು ರವಕೆಯೊಳಗೆ ಹಾಕಿಕೊಂಡು ಒಂದೇ ಮಾತು ಕೇಳಿದಳು.

"ಐತ ಈಗ ಎಲ್ಲಿದ್ದಾನೆ?"

ಕಾಸಿಮೇಡಿನಲ್ಲಿದ್ದ. ನಮ್ಮ ಓಣಿಯಿಂದ ನಡೆದು ಹೋಗುವ ದೂರ. ಮರುದಿನ ಬೆಳಿಗ್ಗೆ ನಾವಿಬ್ಬರೂ ಹೋದಾಗ ದಡದಲ್ಲಿ ಮೀನಿನ ಹರಾಜು ಕೂಗುತ್ತಿದ್ದರು. ಐತ ಮೀನಿನ ಬುಟ್ಟಿಗಳನ್ನು ಗಾಡಿಗೆ ಹೊರುತ್ತಿದ್ದ. ಕುತ್ತಿಗೆಯಿಂದ ಎಡಗೈಯವರೆಗೆ ಸುಟ್ಟ ಚರ್ಮ ನೆರಿಗೆ ಕಟ್ಟಿತ್ತು. ನಾನು ಚಂದುವಿನ ಹೆಸರು ಹೇಳಿದ ಕೂಡಲೇ ತಲೆಯ ಮೇಲಿನ ಬುಟ್ಟಿ ಇಳಿಸಿದ.

"ನಾನು ಮತ್ತೆ ಬರಲಿಲ್ಲ ಧಣಿ," ಎಂದ. "ಇನ್ನು ಈ ಬಾಗಿಲಿಗೆ ಬರಬೇಡ ಅಂದಿದ್ರು ಅಮ್ಮ. ಅಂಗಳದಲ್ಲಿ ಎಲೆ ಹಾಕಿ ಊಟ ಕೊಟ್ರು. ಊಟ ಆದ ಮೇಲೆ ಹಾಗಂದ್ರು."

"ಜಗಳಕ್ಕೆ ಬಂದದ್ದಲ್ಲ. ಇವಳು ಸರಸ."

ಐತ ಅವಳನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಅಮ್ಮ ನಿಮಗೆ ಹೇಳಲಿಲ್ವಾ ಅಕ್ಕ?"

"ನೀನು ಹೇಳು," ಎಂದಳು ಸರಸ. ಮರಳಿನ ಮೇಲೆಯೇ ಕೂತಳು.

ಅವನು ಹೇಳಿದ್ದು ಇಷ್ಟು. ಡನ್‌ಬ್ರೂಕ್ ಒರಿಸ್ಸಾದ ದಡ ಕಾಣುವಷ್ಟು ಹತ್ತಿರದಲ್ಲೇ ಹೋಗುತ್ತಿತ್ತು. ಹೊಗೆ ಕಡಿಮೆ ಮಾಡಿ ಎಂದು ಮೇಲಿನಿಂದ ಬೈಗುಳ, ಓಟ ಹೆಚ್ಚಿಸಿ ಎಂದೂ ಮೇಲಿನಿಂದಲೇ ಬೈಗುಳ. ಹಳೆಯ ಬಾಯ್ಲರಿಗೆ ಎರಡೂ ಒಟ್ಟಿಗೆ ಆಗುವುದಿಲ್ಲ. ಆ ಹೊತ್ತಿಗೆ ಬೆಂಕಿಯ ಬೂದಿ ತೆಗೆಯುವ ಕೆಲಸ. ಚಂದು ಕೆಳಗೆ ಬಕೆಟ್ಟಿಗೆ ಬೂದಿ ತುಂಬಿ ಹಗ್ಗವನ್ನು ಜಗ್ಗುತ್ತಿದ್ದ. ಐತ ಮೇಲಿನಿಂದ ಎಳೆದು ಸಮುದ್ರಕ್ಕೆ ಸುರಿಯುತ್ತಿದ್ದ.

"ಕೆಳಗಿನಿಂದ ಹಾಡ್ತಾ ಇದ್ದ, ಅಕ್ಕ. ದನಿ ಎಂತ ಒಳ್ಳೇದಲ್ಲ. ನಮ್ಮ ಮೇಸ್ತ್ರಿ ಸಾರಂಗ ಬಾಯಿ ಮುಚ್ಚು ಅಂತ ಕೂಗಿದ. ಆಮೇಲೆ ಆಕಾಶದಲ್ಲಿ ಸದ್ದು. ನಾಲ್ಕೋ ಐದೋ ವಿಮಾನ. ಮೊದಲನೇ ಬಾಂಬು ನೀರಿಗೆ ಬಿತ್ತು. ಎರಡನೇದು ನಡುಹಡಗಿಗೆ. ಬಾಯ್ಲರಿನ ಹಬೆ ಕೊಳವೆ ಒಡೀತು. ನನ್ನ ಕೈ ಸುಟ್ಟದ್ದು ಆ ಹಬೆಯಿಂದ. ಹಗ್ಗ ಕೈಯಲ್ಲೇ ಇತ್ತು. ಎಳೆದೆ. ಬಕೆಟ್ ಬಂತು. ಅರ್ಧ ತುಂಬಿತ್ತು."

ಹರಾಜಿನವನು ವಂಜರ ಮೀನಿನ ಬೆಲೆ ಏರಿಸುತ್ತ ಕೂಗುತ್ತಿದ್ದ.

"ಹಬೆ ತುಂಬಿದ ಮೇಲೆ ಕೆಳಗೆ ಯಾರೂ ಒಂದು ಉಸಿರಿಗಿಂತ ಹೆಚ್ಚು ಇರುವುದಿಲ್ಲ," ಎಂದ. "ಅವನು ಮುಳುಗಿ ಸಾಯಲಿಲ್ಲ. ಅದು ಮಾತ್ರ ನಾನು ಹೇಳಬಲ್ಲೆ. ಹಡಗು ಮುಳುಗಲಿಕ್ಕೆ ಆಮೇಲೆ ಬಹಳ ಹೊತ್ತು ತೆಗೆದುಕೊಂಡಿತು. ಅದು ಎಲ್ಲದರಲ್ಲೂ ನಿಧಾನ ಅಲ್ವಾ ಧಣಿ? ನಾವು ಕೆಲವರು ಬೋಟಿನಲ್ಲಿ ದಡಕ್ಕೆ ಹೋಗಿ ಬಿದ್ದೆವು. ಸಾಹೇಬರು ಒಬ್ಬರೂ ಉಳೀಲಿಲ್ಲ, ಕಂಪನಿಗೆ ಸುದ್ದಿ ಮುಟ್ಟಿಸುವವರು ಯಾರು, ನನಗೂ ಯುದ್ಧ ಮುಗಿಯುವ ತನಕ ಈ ಕಡೆ ಬರಲಿಕ್ಕೆ ಆಗಲಿಲ್ಲ."

"ನನ್ನ ಬಗ್ಗೆ ಎಂತ ಹೇಳಿದ್ರು?" ಎಂದಳು ಸರಸ.

"ಹಿಂದಿನ ದಿನ ಹೇಳಿದ. ಏನಾದರೂ ಆದರೆ ರಾಯಪುರಂಗೆ ಹೋಗು, ಸರಸನ ಕುತ್ತಿಗೆಗೆ ನಾನು ಕಟ್ಟಿದ್ದೇನೆ ಅಂತ ಅಮ್ಮನಿಗೆ ಹೇಳು, ಅವಳನ್ನು ಮನೆಗೆ ಕರ್ಕೊಳ್ಳಲಿ ಅಂತ ಹೇಳು ಅಂದ. ಅಮ್ಮನಿಗೇ ಹೇಳು ಅಂದ, ಅಕ್ಕ. ನಿಮಗೆ ಹೇಳು ಅನ್ನಲಿಲ್ಲ. ನಿಮಗೆ ಅಮ್ಮ ಹೇಳ್ತಾರೆ ಅಂತ ಅವನು ತಿಳಿದಿದ್ದ. ನಾನೂ ಹಾಗೇ ತಿಳಿದೆ."

ಸರಸ ಅಲ್ಲಿ ಅಳಲಿಲ್ಲ. ಸೀರೆಯ ಮರಳು ಕೊಡವಿಕೊಂಡು ಎದ್ದಳು. ಐತನ ಸುಟ್ಟ ಕೈಯನ್ನು ಒಮ್ಮೆ ಮುಟ್ಟಿ, ನೋವುಂಟಾ ಎಂದು ಕೇಳಿದಳು. ಈಗ ಇಲ್ಲ ಎಂದ. ಬಸ್‌ಸ್ಟಾಪಿನವರೆಗೆ ನಾನು ಜೊತೆಗೆ ಹೋದೆ. ಸಿಕ್ಕ ಬಸ್ಸು ಹತ್ತಿದಳು. ಅದು ಅಡ್ಯಾರಿಗೆ ಹೋಗುವ ಬಸ್ಸಲ್ಲ. ಕೂಗಿ ಹೇಳಿದೆ, ಕೇಳಿಸಲಿಲ್ಲ.

ರತ್ನಾವತಿಯ ಮದುವೆ ಮರುವರ್ಷ ತಾನಾಗಿ ಆಯಿತು. ಹುಡುಗ ವಿಮಾ ಕಂಪನಿಯ ಗುಮಾಸ್ತ. ಯಾವ ಕುಲೆಯೂ ಅಡ್ಡ ಬರಲಿಲ್ಲ. ಚಂದು ಬದುಕಿದ್ದಾಗಲೂ ಯಾರ ದಾರಿಗೂ ಅಡ್ಡ ನಿಂತವನಲ್ಲ.

ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವುದು ನಮ್ಮ ಪದ್ಧತಿ. ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಕೂರಬೇಕು. ತಂದೆಗೆ ಹಾಕುತ್ತಿದ್ದ ಎಲೆಯ ಪಕ್ಕದಲ್ಲಿ ಆ ವರ್ಷ ಚಂದುವಿಗೂ ಅಮ್ಮ ಎಲೆ ಹಾಕಿದಳು. ಬಡಿಸಲು ಸೌಟು ಎತ್ತಿದವಳು ಹಾಗೇ ನಿಂತಳು. ಮದುವೆಯಾದವನಿಗೆ ಮೊದಲು ಹೆಂಡತಿ ಬಡಿಸಬೇಕು. ಅಮ್ಮ ಸೌಟನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಹಿತ್ತಲಿಗೆ ಹೋದಳು. ಬಾಗಿಲು ತೆರೆದಾಗ ಎಲೆ ಇದ್ದ ಹಾಗೇ ಇತ್ತು. ಅದು ಯಾವಾಗಲೂ ಇದ್ದ ಹಾಗೇ ಇರುತ್ತದೆ. ಅಮ್ಮ ಮಾತ್ರ ಬಹಳ ಹೊತ್ತು ಅದನ್ನೇ ನೋಡಿದಳು.

ಮರುವರ್ಷದ ಆಟಿಗೆ ಮೊದಲು ಅವಳು ನನ್ನನ್ನು ಕರೆದು, ಅಡ್ಯಾರಿಗೆ ಹೋಗುವ ಬಸ್ಸು ಯಾವುದು ಎಂದು ಕೇಳಿದಳು. ಅಮ್ಮ ಯಾರ ಮನೆಗೂ ಹೋಗುವವಳಲ್ಲ, ಎಲ್ಲರನ್ನೂ ತನ್ನಲ್ಲಿಗೆ ಕರೆಸುವವಳು. ಅವಳಿಗೆ ಮಂಡಿನೋವು ಬೇರೆ. ನಾನೇ ಕರೆದುಕೊಂಡು ಹೋದೆ. ಶಾಲೆಯ ಗೇಟಿನ ಹೊರಗೆ ಕಟ್ಟೆಯ ಮೇಲೆ ಕೂತಳು. ಸರಸ ಬಂದು ಎದುರು ನಿಂತಳು. ತಲೆಯಲ್ಲಿ ಅಲ್ಲಲ್ಲಿ ನರೆ. ಕುತ್ತಿಗೆ ಬರಿದಾಗಿತ್ತು.

"ಬಡಿಸಲಿಕ್ಕೆ ಬಾ," ಎಂದಳು ಅಮ್ಮ.

"ಯಾರಾಗಿ ಬರಲಿ?"

ಅಮ್ಮ ಬಾಯಿ ತೆರೆದಳು. ಒಂದು ಮಾತು ಸಾಕಿತ್ತು. ಸೊಸೆ ಎನ್ನಬಹುದಿತ್ತು. ಚಂದುವಿನ ಹೆಂಡತಿ ಎನ್ನಬಹುದಿತ್ತು. ಬೆಳಗಿನಿಂದ ಬಸ್ಸಿನಲ್ಲಿ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳೆಂದು ನನಗೆ ಈಗಲೂ ಅನಿಸುತ್ತದೆ. ಅರವತ್ತು ವರ್ಷ ನಂಬಿದ್ದು ಅವಳನ್ನು ಬಿಡಲಿಲ್ಲ.

"ಬಾ ಅಂದ್ರೆ ಬಾ. ಹೀಗೆಲ್ಲ ಕೇಳಬಾರದು," ಎಂದಳು.

"ಊಟದ ಬೆಲ್ ಆಯ್ತು ದೊಡ್ಡಮ್ಮ. ಮಕ್ಕಳು ಕಾಯ್ತಾ ಇರ್ತಾರೆ."

ದೊಡ್ಡಮ್ಮ ಎಂದೇ ಕರೆದಳು. ಅಮ್ಮ ಕೊಟ್ಟಿದ್ದ ಸಂಬಂಧವನ್ನೇ ಅಮ್ಮನಿಗೆ ಹಿಂದಿರುಗಿಸಿದಳು. ದಾರಿಯುದ್ದಕ್ಕೂ ಅಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ರಾಯಪುರಂ ಬಂದಾಗ, ನನ್ನ ಕೈ ಹಿಡಿದು ಇಳಿಯುತ್ತ, "ನೀನಾದರೂ ಹೇಳಬಾರದಿತ್ತಾ?" ಎಂದಳು. ನಾನು ಹೇಳಿದರೆ ಆಗುತ್ತಿತ್ತೇ? ಸರಸ ಕೇಳಿದ್ದು ಅವಳನ್ನು.

೧೯೬೩ರಲ್ಲಿ ಅಮ್ಮ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಸರಸಳ ಹೆಸರು ಎತ್ತುತ್ತಿದ್ದಳು. ಹೆಸರು ಮಾತ್ರ, ಅದರ ಹಿಂದೆ ಮುಂದೆ ಏನೂ ಇಲ್ಲ.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಸರಸ ಬಂದಳು. ಯಾರೂ ಕರೆದಿರಲಿಲ್ಲ. ಊರಿನಿಂದ ಬಂದ ಹಿರಿಯರು ಸತ್ತವಳಿಗೆ ಬಡಿಸಲು ಸೊಸೆಯಂದಿರನ್ನು ಕರೆದರು. ನನ್ನ ಹೆಂಡತಿ ಎದ್ದಳು. ಇನ್ನೊಬ್ಬ ಮಗನ ಹೆಂಡತಿ ಇದ್ದಾಳಾ ಎಂದು ಕೇಳಿದರು.

"ಇದ್ದಾಳೆ," ಎಂದೆ. ನನ್ನ ದನಿ ಸ್ವಲ್ಪ ದೊಡ್ಡದು, ಓಣಿಗೆಲ್ಲ ಕೇಳಿರಬೇಕು. "ಚಂದುವಿನ ಹೆಂಡತಿ ಸರಸ. ಅಲ್ಲಿ ಕಂಬದ ಹತ್ತಿರ ನಿಂತಿದ್ದಾಳೆ."

ಹಿರಿಯರಲ್ಲೊಬ್ಬರು ಬರಿ ಯಾವುದು ಎಂದು ಶುರು ಮಾಡಿದರು. ನಾನು ಅವರ ಮುಖ ನೋಡಿದೆ. ಅವರು ವೀಳ್ಯದ ತಟ್ಟೆಯನ್ನು ಹತ್ತಿರ ಎಳೆದುಕೊಂಡರು.

ಸರಸ ನನ್ನ ಹತ್ತಿರ ಬಂದಳು. "ಮಧ್ವಣ್ಣ, ಇದನ್ನು ದೊಡ್ಡಮ್ಮ ಹೇಳಬೇಕಿತ್ತು," ಎಂದಳು.

"ಗೊತ್ತುಂಟು."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ತೊಳೆದು, ಸೌಟು ತೆಗೆದುಕೊಂಡಳು. ಅಮ್ಮನ ಎಲೆ ಒಂದೇ ಹಾಕಿತ್ತು. ಅದರ ಪಕ್ಕ ಅವಳೇ ಚಂದುವಿಗೆ ಇನ್ನೊಂದು ಎಲೆ ಹಾಸಿದಳು. ಮೊದಲು ಆ ಎಲೆಗೆ ಅನ್ನ ಬಡಿಸಿದಳು. ಆಮೇಲೆ ಅಮ್ಮನಿಗೆ. ನಾವೆಲ್ಲ ಹೊರಗೆ ಹೋಗಿ ಬಾಗಿಲು ಎಳೆದುಕೊಂಡು ಕೂತೆವು. ಬಂದರಿನಲ್ಲಿ ಯಾವುದೋ ಹಡಗು ಕೂಗಿತು. ಈಗೆಲ್ಲ ಎಣ್ಣೆಯಿಂದ ಓಡುವ ಹಡಗುಗಳು, ಕಪ್ಪು ಹೊಗೆ ಏಳುವುದಿಲ್ಲ. ಸರಸ ಬಾಗಿಲಿಗೆ ಬೆನ್ನು ಕೊಟ್ಟು, ಒಳಗಿನ ಊಟ ಮುಗಿಯುವ ತನಕ ಕೂತಿದ್ದಳು.